ಕನ್ನಡಿಯಂಥ ನೀರಲ್ಲಿ ಮೀನು ಸತ್ತದ್ದೇಕೆ?

ಹಾಸನಾಂಬೆ ಬಾಗಿಲು ತೆಗೆದಿರುವ ದಿನಗಳಲ್ಲಿ ನಮ್ಮ ಮನೆ ಛತ್ರದ ಹಾಗಿರುತ್ತದೆ. ವರ್ಷಕ್ಕೊಮ್ಮೆ ಸಿಗುವ ದರ್ಶನ, ಊರೂರಿನಿಂದ ನೆಂಟರು ಬರುತ್ತಾರೆ. ಅವರು ಬರುವ ಮೊದಲು ಮನೆಯ ಧೂಳು ಹೊಡೆಯಬೇಕು, ಹಾಲ್‌ನಲ್ಲಿರುವ ಮೀನಿನ ಟ್ಯಾಂಕ್ ಚೊಕ್ಕ ಮಾಡಬೇಕು. ಎರಡನೆಯದು ನನ್ನ ಪಾಲಿನ ಕೆಲಸ. ಮೂರು ವರ್ಷದ ಹಿಂದೆ ಅದನ್ನೇ ಮಾಡಿದೆ. ಗಾಜು ಉಜ್ಜಿದೆ, ಅರ್ಧ ನೀರು ತೆಗೆದೆ, ಮನೆಯ ಬೋರ್‌ವೆಲ್ ನೀರು ತುಂಬಿದೆ. ಸಂಜೆ ಲೈಟ್ ಹಾಕಿದರೆ ಟ್ಯಾಂಕ್ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಬಂದ ಮಕ್ಕಳೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವು.

ಬೆಳಿಗ್ಗೆ ಎದ್ದು ನೋಡಿದರೆ ಎಂಟು ಟೆಟ್ರಾಗಳಲ್ಲಿ ಐದು ತೇಲುತ್ತಿದ್ದವು. ಎರಡು ಏಂಜಲ್‌ಗಳಲ್ಲಿ ಒಂದು ತಳದಲ್ಲಿ ಒರಗಿಕೊಂಡು ಕಿವಿರು ಪಟಪಟ ಬಡಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದೂ ಹೋಯಿತು. ಮೂರು ಕಪ್ಪು ಮಾಲಿಗಳು ಮಾತ್ರ ಏನೂ ಆಗಿಲ್ಲವೇನೋ ಎಂಬಂತೆ ಓಡಾಡಿಕೊಂಡಿದ್ದವು.

"ಯಾರದೋ ಕಣ್ಣು ಬಿತ್ತು ಕಣೋ" ಅಂದರು ಅಮ್ಮ. "ಬೋರ್ ನೀರು ಸರಿ ಇಲ್ಲ" ಅಂದರು ಚಿಕ್ಕಪ್ಪ. ಚಿಕ್ಕಪ್ಪನ ಮಾತು ಕೇಳಲು ಸರಿಯಾಗೇ ಇತ್ತು. ಆದರೆ ಪಕ್ಕದ ಮನೆ ಹುಡುಗ ನಮ್ಮ ಬೋರ್‌ನಿಂದಲೇ ಬಿಂದಿಗೆಯಲ್ಲಿ ನೀರು ಒಯ್ದು ತನ್ನ ಗಪ್ಪಿಗಳಿಗೆ ಹಾಕುತ್ತಾನೆ. ಅವು ತಿಂಗಳು ತಿಂಗಳಿಗೆ ಮರಿ ಹಾಕುತ್ತಿವೆ. ಹಾಗಾದರೆ ನಮ್ಮ ಟ್ಯಾಂಕಿನ ಹಳೆ ನೀರು ಕೆಟ್ಟಿತ್ತಾ? ಅದರಲ್ಲೂ ಹಿಂದಿನ ದಿನದವರೆಗೆ ಮೀನು ಆರಾಮಾಗಿದ್ದವು. ಹಳೆ ನೀರಲ್ಲಿ ಸಾಯಲಿಲ್ಲ, ಹೊಸ ನೀರಲ್ಲಿ ಪಕ್ಕದ ಮನೆಯವು ಸಾಯಲಿಲ್ಲ. ಎರಡೂ ಸೇರಿದ ರಾತ್ರಿ ಸತ್ತವು.

ಅದೃಷ್ಟಕ್ಕೆ ತೆಗೆದ ಹಳೆ ನೀರನ್ನು ನಾನು ಚೆಲ್ಲಿರಲಿಲ್ಲ. ಗಿಡಕ್ಕೆ ಒಳ್ಳೇದು ಅಂತ ಹಿತ್ತಲಲ್ಲಿ ಎರಡು ಬಕೆಟ್ ಇಟ್ಟಿದ್ದೆ. ಕಪಾಟಿನಲ್ಲಿ ಧೂಳು ಹಿಡಿದಿದ್ದ, ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ತೆಗೆದು ಟ್ಯಾಂಕಿನ ನೀರು, ಬಕೆಟ್ಟಿನ ನೀರು ಎರಡನ್ನೂ ನೋಡಿದೆ. ಟ್ಯಾಂಕಿನ ನೀರಿನಲ್ಲಿ ಅಮೋನಿಯಾ ಎಂಬ ವಿಷ 4, ನೈಟ್ರೈಟ್ ಎಂಬ ಇನ್ನೊಂದು ವಿಷ 0, ನೀರಿನ ಹುಳಿ-ಕ್ಷಾರ ಹೇಳುವ ಪಿಎಚ್ 8. ಬಕೆಟ್ಟಿನ ಹಳೆ ನೀರಿನಲ್ಲಿ ಅಮೋನಿಯಾ 8, ಪಿಎಚ್ 6. ಅಂದರೆ ಹಳೆ ನೀರಿನಲ್ಲೇ ವಿಷ ಎರಡರಷ್ಟಿತ್ತು, ಆದರೂ ಅದರಲ್ಲಿ ಮೀನು ಬದುಕಿದ್ದವು. ನಾನು ವಿಷವನ್ನು ಅರ್ಧಕ್ಕೆ ಇಳಿಸಿದ ಮೇಲೆ ಸತ್ತವು!

ಈ ಲೆಕ್ಕ ಬಿಡಿಸಲು ಹೋಗಿಯೇ ನಾನು ನೀರಿನ ಪರೀಕ್ಷೆ ಕಲಿತದ್ದು. ಅಲ್ಲಿಯವರೆಗೆ ನನ್ನ ಪರೀಕ್ಷೆ ಅಂದರೆ ಕಣ್ಣು ಮತ್ತು ಮೂಗು ಅಷ್ಟೇ. ಈ ವಿಷಯದಲ್ಲಿ ಎರಡೂ ದಂಡ. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರಕ್ಕೂ ನೀರಿನಲ್ಲಿ ಬಣ್ಣವಿಲ್ಲ. ಮೀನು ಸಾಯುವಷ್ಟು ಇದ್ದರೂ ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ.

ಮೊದಲು ಈ ಕಿಟ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಇದು ನಮಗೆ ಹೊಸದೇನಲ್ಲ. ಆರತಿ ತಟ್ಟೆಗೆ ಅರಿಶಿನದ ನೀರು ಕಲಸಿ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಕೆಲಸ. ಸುಣ್ಣ ಕ್ಷಾರ, ಅರಿಶಿನ ಕ್ಷಾರ ಕಂಡರೆ ಬಣ್ಣ ಬದಲಿಸುತ್ತದೆ. ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಕಿಟ್ಟಿನ ಪಿಎಚ್ ಬಾಟಲಿಯಲ್ಲೂ ಇಂಥದ್ದೇ ಒಂದು ಬಣ್ಣವಿದೆ, ಸ್ವಲ್ಪ ಹೆಚ್ಚು ನಯವಾಗಿ ಹೇಳುವಂಥದ್ದು. ಅರಿಶಿನ ಎರಡೇ ಮಾತು ಹೇಳಿದರೆ ಇದು ಹಳದಿ, ಹಸಿರು, ನೀಲಿ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ಪಿಎಚ್ ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ. 7 ನಡುವೆ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. 6ರಿಂದ 8ಕ್ಕೆ ಹೋದರೆ ನೂರು ಪಟ್ಟು.

ಒಂದು ತಮಾಷೆ ನೋಡಿ. ಈ ಪಿಎಚ್ ಅಳತೆಯನ್ನು 1909ರಲ್ಲಿ ಕೊಟ್ಟ ಸೋರೆನ್ಸನ್, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್ ಕಟ್ಟಿದ್ದ ಪ್ರಯೋಗಾಲಯದಲ್ಲಿದ್ದವರು. ನೈಟ್ರೈಟ್ ಇದ್ದರೆ ಗುಲಾಬಿ ಬಣ್ಣ ಬರುವ ಪರೀಕ್ಷೆಯನ್ನು 1879ರಲ್ಲಿ ಕಂಡುಕೊಂಡ ಪೀಟರ್ ಗ್ರೀಸ್ ಇಂಗ್ಲೆಂಡಿನ ಒಂದು ಬಿಯರ್ ಕಾರ್ಖಾನೆಯ ರಸಾಯನಶಾಸ್ತ್ರಜ್ಞ. ನಮ್ಮ ಮೀನುಗಳು ಇವತ್ತು ಬದುಕಿದ್ದರೆ ಅದರಲ್ಲಿ ಬಿಯರ್ ಮಾಡುವವರ ಪಾಲೂ ಇದೆ. ಇದನ್ನು ಅಮ್ಮನಿಗೆ ಹೇಳಿಲ್ಲ.

ಈಗ ಅಮೋನಿಯಾಗೆ ಬರೋಣ. ಮೀನಿನ ದೇಹದ ಕಸ ಹೆಚ್ಚಾಗಿ ಹೊರಬೀಳುವುದು ಕಿವಿರಿನಿಂದ, ಅಮೋನಿಯಾ ರೂಪದಲ್ಲಿ. ತಿನ್ನದೆ ಉಳಿದ ಕಾಳು, ಹಿಕ್ಕೆ, ಕೊಳೆತ ಎಲೆ ಇವೂ ಕೊನೆಗೆ ಅಮೋನಿಯಾ ಆಗುತ್ತವೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದೇವರ ಮೀನುಗಳಿಗೆ ಜನ ಎಷ್ಟು ಕಡ್ಲೆಪುರಿ ಹಾಕಿದರೂ ಏನೂ ಆಗುವುದಿಲ್ಲ, ಯಾಕೆಂದರೆ ಹೊಳೆ ನಿಲ್ಲುವುದಿಲ್ಲ. ನಮ್ಮ ಎರಡಡಿ ಟ್ಯಾಂಕಿನಲ್ಲಿ ಕಲ್ಲು ಕಳೆದರೆ 60 ಲೀಟರ್ ನೀರು. ಅಲ್ಲೇ ಊಟ, ಅಲ್ಲೇ ಕಕ್ಕಸು, ಅದನ್ನೇ ಉಸಿರಾಡಬೇಕು.

ಹಾಗಿದ್ದೂ ಮೀನು ಬದುಕುವುದು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ಕೂತಿರುವ ಬ್ಯಾಕ್ಟೀರಿಯಾಗಳಿಂದ. ಒಂದು ಗುಂಪು ಅಮೋನಿಯಾ ತಿಂದು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತಕ್ಕೆ ಸೇರಿದರೆ ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ. ನೀರಲ್ಲಿ ಬೇಕಾದಷ್ಟು ಗಾಳಿ ಇದ್ದರೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ತಿಂದು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ತೊಂದರೆ ಕೊಡುವುದಿಲ್ಲ. 40 ಪಿಪಿಎಂ ಒಳಗಿದ್ದರೆ ಸಾಕು, 20 ಒಳಗಿದ್ದರೆ ಇನ್ನೂ ಒಳ್ಳೇದು. ಪಿಪಿಎಂ ಅಂದರೆ ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ತಿಳಿದುಕೊಳ್ಳಿ.

ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕ್ ತಂದ ದಿನವೇ ಹತ್ತು ಮೀನು ಬಿಟ್ಟು, ಹತ್ತನೇ ದಿನ "ಮೀನು ಸರಿ ಇಲ್ಲದ್ದು ಕೊಟ್ಟ" ಅಂತ ಅಂಗಡಿಯವನನ್ನು ಬೈಯುವುದು ಇದನ್ನು ತಿಳಿಯದೆ. ಬೇಗ ಆಗಬೇಕಾದರೆ ಹೆಪ್ಪು ಹಾಕಬೇಕು. ಚೆನ್ನಾಗಿ ನಡೆಯುತ್ತಿರುವ ಟ್ಯಾಂಕಿನವರಿಂದ ಹಳೆ ಸ್ಪಂಜಿನ ತುಂಡು ಇಸ್ಕೊಂಡು ನಿಮ್ಮ ಫಿಲ್ಟರಿಗೆ ಸೇರಿಸಿ. ಹೆಪ್ಪಿಲ್ಲದ ಹಾಲೂ ಯಾವತ್ತೋ ಒಂದಿನ ಹುಳಿಯಾಗುತ್ತದೆ, ಆದರೆ ಅದನ್ನು ಯಾರೂ ಮೊಸರು ಅನ್ನುವುದಿಲ್ಲ. ಅಂದ ಹಾಗೆ, ಆ ಸ್ಪಂಜನ್ನು ನಲ್ಲಿಯಡಿ ಹಿಡಿದು ಬೆಳ್ಳಗೆ ತೊಳೆಯಬೇಡಿ. ನಲ್ಲಿ ನೀರಿನ ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿದರೆ ಸಾಕು.

ಹಾಗಾದರೆ ಎರಡು ವರ್ಷ ಹಳೆಯದಾದ ನನ್ನ ಟ್ಯಾಂಕಿನಲ್ಲಿ ಅಮೋನಿಯಾ 8ಕ್ಕೆ ಹೋದದ್ದು ಹೇಗೆ? ಹೋದ ಮೇಲೂ ಮೀನು ಸಾಯದೆ ಇದ್ದದ್ದು ಹೇಗೆ?

ಎರಡನೇ ಪ್ರಶ್ನೆಗೆ ಉತ್ತರ ಮೊದಲು. ನೀರಿನಲ್ಲಿ ಅಮೋನಿಯಾ ಎರಡು ವೇಷದಲ್ಲಿರುತ್ತದೆ. ಒಂದು ನಿಜವಾದ ಅಮೋನಿಯಾ. ಅದು ಕಿವಿರಿನ ಮೂಲಕ ಸಲೀಸಾಗಿ ಒಳಗೆ ಹೋಗಿ ಸುಡುತ್ತದೆ. ಇನ್ನೊಂದು ಅಮೋನಿಯಂ. ಅದು ಅಷ್ಟು ಸುಲಭವಾಗಿ ಒಳಗೆ ಹೋಗುವುದಿಲ್ಲ, ಹೆಚ್ಚುಕಡಿಮೆ ಸಾಧು. ಕಿಟ್ಟು ಎರಡನ್ನೂ ಕೂಡಿಸಿ ಒಂದೇ ಅಂಕಿ ಹೇಳುತ್ತದೆ. ಯಾವುದು ಎಷ್ಟು ಎಂಬುದು ಪಿಎಚ್ ಮತ್ತು ನೀರಿನ ಬಿಸಿಯ ಮೇಲೆ ನಿಂತಿದೆ. ನೀರು 25 ಡಿಗ್ರಿ ಇದ್ದು ಪಿಎಚ್ 6 ಆಗಿದ್ದರೆ ನಿಜವಾದ ಅಮೋನಿಯಾ ನೂರಕ್ಕೆ 0.06 ಪಾಲು. ಪಿಎಚ್ 7 ಆದರೆ 0.57. ಪಿಎಚ್ 8ಕ್ಕೆ 5.4. ಪಿಎಚ್ 9ಕ್ಕೆ 36!

ನನ್ನ ಎರಡು ಅಂಕಿ ಇಟ್ಟು ಲೆಕ್ಕ ಹಾಕಿ. ಹಳೆ ನೀರು: 8 ಪಿಪಿಎಂನಲ್ಲಿ ನೂರಕ್ಕೆ 0.06 ಅಂದರೆ 0.005 ಪಿಪಿಎಂ. ಮೀನಿಗೆ ಏನೂ ಅಲ್ಲ. ಹೊಸ ನೀರು ಬೆರೆತ ಮೇಲೆ: 4 ಪಿಪಿಎಂನಲ್ಲಿ ನೂರಕ್ಕೆ 5.4 ಅಂದರೆ 0.2 ಪಿಪಿಎಂಗೂ ಸ್ವಲ್ಪ ಜಾಸ್ತಿ. ಒಟ್ಟು ಅಮೋನಿಯಾ ಅರ್ಧ ಆಯಿತು, ಸುಡುವ ಅಮೋನಿಯಾ ನಲವತ್ತು ಪಟ್ಟಿಗಿಂತ ಹೆಚ್ಚಾಯಿತು. 0.05 ದಾಟಿದರೇ ಕಿವಿರಿಗೆ ಪೆಟ್ಟು ಬೀಳಲು ಶುರು. ಜೊತೆಗೆ ಅರ್ಧ ಗಂಟೆಯಲ್ಲಿ ಪಿಎಚ್ ಎರಡು ಅಂಕಿ ಹಾರಿದ ಆಘಾತ ಬೇರೆ. ಹುಳಿ ನೀರಿಗೆ ಹೊಂದಿಕೊಳ್ಳುವ ಟೆಟ್ರಾಗಳು ತಡೆಯಲಿಲ್ಲ. ಗಡಸು ನೀರು ಇಷ್ಟಪಡುವ ಮಾಲಿಗಳು ತಡೆದವು.

ಹಾಗಾಗಿ ಅಮೋನಿಯಾ ಅಂಕಿಯನ್ನು ಒಂಟಿಯಾಗಿ ಓದಬೇಡಿ, ಪಿಎಚ್ ಜೊತೆಗೇ ಓದಿ. ಯಾರಾದರೂ "ನನ್ನ ಟ್ಯಾಂಕಿನಲ್ಲಿ ಅಮೋನಿಯಾ 1 ಬಂತು, ಏನು ಮಾಡಲಿ?" ಅಂತ ಕೇಳಿದರೆ ನಾನು ಮೊದಲು ಪಿಎಚ್ ಎಷ್ಟು ಅಂತ ಕೇಳುತ್ತೇನೆ. 6.5 ಅಂದರೆ ಊಟ ಮುಗಿಸಿ ನೀರು ಬದಲಿಸಿ. 8.2 ಅಂದರೆ ತಟ್ಟೆ ಬಿಟ್ಟು ಏಳಿ.

ಇನ್ನು ಮೊದಲ ಪ್ರಶ್ನೆ, ಅಮೋನಿಯಾ ಅಷ್ಟು ಸೇರಿದ್ದು ಹೇಗೆ. ಇದರ ಹಿಂದೆ ಇರುವುದು ಯಾರೂ ಅಳೆಯದ ಕೆಎಚ್. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾದಲ್ಲಿರುವ ಅದೇ ಸರಕು, ಎಷ್ಟಿದೆ ಎಂದು ಹೇಳುವ ಅಂಕಿ ಇದು. ಹುಳಿ ಬಂದಾಗ ಅದನ್ನು ಮುರಿಯುವ ಶಕ್ತಿ ಅಂತಲೂ ಅನ್ನಬಹುದು.

ಪಿಎಚ್ ಅಂದರೆ ದಿನಾ ತಟ್ಟೆಗೆ ಬೀಳುವ ಅನ್ನ, ಕೆಎಚ್ ಅಂದರೆ ಅಕ್ಕಿ ಡಬ್ಬ. ಡಬ್ಬದಲ್ಲಿ ಅಕ್ಕಿ ಇರುವವರೆಗೆ ತಟ್ಟೆಯಲ್ಲಿ ಅನ್ನ ಅಷ್ಟೇ ಇರುತ್ತದೆ. ಡಬ್ಬ ಖಾಲಿಯಾಗುತ್ತಾ ಬಂದಿರುವುದು ತಟ್ಟೆ ನೋಡಿದರೆ ಗೊತ್ತಾಗುವುದಿಲ್ಲ. ಒಂದು ದಿನ ಪಾವು ತಳಕ್ಕೆ ತಗುಲಿ ಗರಗರ ಅನ್ನುತ್ತದೆ, ಅವತ್ತು ತಟ್ಟೆ ಖಾಲಿ. ಟ್ಯಾಂಕಿನಲ್ಲಿ ಈ ಅಕ್ಕಿ ತಿನ್ನುವವರು ಯಾರು? ನಮ್ಮ ಒಳ್ಳೆ ಬ್ಯಾಕ್ಟೀರಿಯಾಗಳೇ. ಅಮೋನಿಯಾ ತಿನ್ನುವಾಗ ಅವು ಹುಳಿ ಬಿಡುತ್ತವೆ. ಅಮೋನಿಯಾದೊಳಗಿನ ಒಂದು ಮಿಲಿಗ್ರಾಂ ನೈಟ್ರೋಜನ್ ಕರಗಿಸಲು ಸುಮಾರು 7 ಮಿಲಿಗ್ರಾಂ ಕ್ಷಾರ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಖರ್ಚಾಗುತ್ತದೆ. ಕೆಎಚ್‌ನ ಒಂದು ಡಿಗ್ರಿ ಅಂದರೆ ಅದೇ ಲೆಕ್ಕದಲ್ಲಿ ಲೀಟರಿಗೆ 17.9 ಮಿಲಿಗ್ರಾಂ ಕ್ಷಾರ. ಅಂದರೆ ನೀರು ಬದಲಿಸದೆ ಬಿಟ್ಟ ಟ್ಯಾಂಕಿನಲ್ಲಿ ಡಬ್ಬ ತಾನಾಗೇ ಬರಿದಾಗುತ್ತಾ ಹೋಗುತ್ತದೆ.

ನಾನು ಮಾಡಿದ್ದು ಇನ್ನೂ ದೊಡ್ಡ ಜಾಣತನ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹೆಂಚಿನಿಂದ ಸುರಿಯುವ ಮಳೆ ನೀರನ್ನು ಡ್ರಮ್‌ನಲ್ಲಿ ಹಿಡಿದು, ವಾರಕ್ಕೆ ಕಾಲು ಭಾಗದಂತೆ ಟ್ಯಾಂಕಿಗೆ ಹಾಕಿದೆ. ದೇವರು ಕೊಟ್ಟ ನೀರು, ಕ್ಲೋರಿನ್ ಇಲ್ಲ, ಉಪ್ಪಿಲ್ಲ, ಇದಕ್ಕಿಂತ ಶುದ್ಧ ಏನಿದೆ ಅಂತ. ಶುದ್ಧವೇ, ಅದೇ ತೊಂದರೆ. ಮಳೆ ನೀರಿನಲ್ಲಿ ಕೆಎಚ್ ಹೆಚ್ಚುಕಡಿಮೆ ಸೊನ್ನೆ. ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಕರಗಿ ಅದರ ಪಿಎಚ್ 5.6ರ ಆಸುಪಾಸು ಇರುತ್ತದೆ. ವಾರಕ್ಕೆ ಕಾಲು ಭಾಗ ಬದಲಿಸುತ್ತಾ 12 ವಾರ ಹೋದರೆ ಮೊದಲಿದ್ದ ನೀರಿನಲ್ಲಿ ಉಳಿಯುವುದು ನೂರಕ್ಕೆ ಮೂರು ಪಾಲು. ಡಬ್ಬವನ್ನು ಬ್ಯಾಕ್ಟೀರಿಯಾ ಒಳಗಿಂದ ತಿಂದವು, ನಾನು ಹೊರಗಿಂದ ಖಾಲಿ ಮಾಡಿದೆ. ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ, 6ರ ಹತ್ತಿರ ಬಂದರೆ ನಿಂತೇ ಹೋದಂತೆ. ಅಮೋನಿಯಾ ಸೇರುತ್ತಾ ಹೋಯಿತು. ನೈಟ್ರೈಟ್ ಸೊನ್ನೆ ಬಂದದ್ದೂ ಇದಕ್ಕೇ. ಮೊದಲ ಗುಂಪೇ ಮಲಗಿದ್ದರೆ ನೈಟ್ರೈಟ್ ಮಾಡುವವರು ಯಾರು? ಮೀನುಗಳು ಹುಳಿ ನೀರಿನ ಆಸರೆಯಲ್ಲಿ, ಸದ್ದಿಲ್ಲದ ಅಮೋನಿಯಂ ನಡುವೆ ಬದುಕಿದ್ದವು. ನಾನು ಬೋರ್ ನೀರು ಸುರಿದು ಆ ಆಸರೆ ಕಿತ್ತೆ.

ಸೂಚನೆ ಇರಲಿಲ್ಲ ಅಂತಲ್ಲ. ಆಗಸ್ಟಿನಲ್ಲೇ ಮಾಲಿಗಳು ಒಂದೇ ಕಡೆ ನಿಂತು ಮೈ ಅಲ್ಲಾಡಿಸುತ್ತಿದ್ದವು, ಚಳಿ ಹಿಡಿದವರ ಹಾಗೆ. ನೀರು ತೀರಾ ಮೆದುವಾದರೆ ಮಾಲಿಗಳು ಹೀಗೆ ಮಾಡುತ್ತವೆ. ಮಳೆಗಾಲ ಅಲ್ವಾ, ಚಳಿ ಇರಬೇಕು ಅಂತ ನಾನು ಹೀಟರ್ ಒಂದು ಡಿಗ್ರಿ ಏರಿಸಿ ಸುಮ್ಮನಾದೆ.

ಹಾಸನ ಜಿಲ್ಲೆಯಲ್ಲಿ ಈ ವಿಷಯ ಇನ್ನೂ ಮುಖ್ಯ. ನಮ್ಮ ಅಕ್ಕನನ್ನು ಕೊಟ್ಟಿರುವುದು ಸಕಲೇಶಪುರಕ್ಕೆ, ನನ್ನ ಹೆಂಡತಿಯ ತವರು ಅರಸೀಕೆರೆ. ಒಂದೇ ಜಿಲ್ಲೆ, ನೀರು ಮಾತ್ರ ಬೇರೆ ಬೇರೆ ಲೋಕದ್ದು. ಅಕ್ಕನ ಮನೆಯಲ್ಲಿ ಸೋಪು ಹಚ್ಚಿದರೆ ಎಷ್ಟು ಚೊಂಬು ಸುರಿದುಕೊಂಡರೂ ಮೈ ಜಾರುತ್ತಲೇ ಇರುತ್ತದೆ. ಅತ್ತೆ ಮನೆಯಲ್ಲಿ ನೊರೆ ಬರಿಸಲು ಸರ್ಕಸ್ ಮಾಡಬೇಕು. ಹಂಡೆಯ ಒಳಗೆ ಬೆರಳ ದಪ್ಪ ಬಿಳಿ ಪೊರೆ. "ನಮ್ಮ ಬೋರ್ ನೀರಲ್ಲಿ ಬೇಳೆ ಬೇಯಲ್ಲ ಅಳಿಯಂದ್ರೇ" ಅಂತ ಅತ್ತೆ ಬೇಳೆಗೆ ಬೇರೆ ನೀರು ಇಟ್ಟುಕೊಂಡಿರುತ್ತಾರೆ. ಅಜ್ಜಿಯಂದಿರ ಕಾಲದಿಂದ ಇದೇ ಗಡಸು ನೀರಿನ ಪರೀಕ್ಷೆ, ಕಿಟ್ಟಿಗಿಂತ ಹಳೆಯದು, ಸುಳ್ಳು ಹೇಳಿದ್ದೂ ಇಲ್ಲ.

ಎರಡೂ ಕಡೆಯ ನೀರನ್ನು ಬಾಟಲಿಯಲ್ಲಿ ತಂದು ಕೆಎಚ್ ನೋಡಿದೆ. ಈ ಪರೀಕ್ಷೆ ಎಲ್ಲಕ್ಕಿಂತ ಸುಲಭ. 5 ಮಿ.ಲೀ. ನೀರಿಗೆ ಕಿಟ್ಟಿನ ದ್ರವವನ್ನು ಹನಿ ಹನಿಯಾಗಿ ಹಾಕುತ್ತಾ ಎಣಿಸಬೇಕು. ನೀರು ಮೊದಲು ನೀಲಿಯಾಗುತ್ತದೆ, ಹಳದಿಗೆ ತಿರುಗಿದಾಗ ನಿಲ್ಲಿಸಬೇಕು. ಎಷ್ಟು ಹನಿಯೋ ಅಷ್ಟು ಡಿಗ್ರಿ. ಅಕ್ಕನ ಮನೆ ನೀರು ಎರಡನೇ ಹನಿಗೇ ಹಳದಿ. ಅತ್ತೆ ಮನೆ ನೀರು ಹದಿನಾರರವರೆಗೆ ಎಣಿಸಿತು. ನಮ್ಮ ಬೋರ್ ಹನ್ನೆರಡು. ನಲ್ಲಿಯಲ್ಲಿ ಬರುವ ಹೇಮಾವತಿ ನೀರು ಬೋರ್‌ಗಿಂತ ತುಂಬಾ ಮೆದು. ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ ಹುಟ್ಟಿ, ಸಕಲೇಶಪುರದ ಮಳೆ ಹೊತ್ತು ಗೊರೂರಿಗೆ ಬರುವ ನೀರು ಅದು, ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತದ್ದಲ್ಲ. ಆ ಬಕೆಟ್ಟಿನ ಹಳೆ ನೀರನ್ನೂ ನೋಡಿದ್ದೆ. ಮೊದಲ ಹನಿಗೇ ಹಳದಿ. ನೀಲಿ ಕಾಣಲೇ ಇಲ್ಲ.

ಆದ್ದರಿಂದ ಟ್ಯಾಂಕ್ ಪರೀಕ್ಷೆಗೆ ಮೊದಲು ನೀವು ತುಂಬುವ ನೀರನ್ನು ಪರೀಕ್ಷಿಸಿ. ಇಲ್ಲೂ ಒಂದು ಕಿತಾಪತಿ ಇದೆ. ಬೋರ್ ನೀರನ್ನು ಹಿಡಿದ ಕೂಡಲೇ ಪಿಎಚ್ ನೋಡಿದರೆ ಕಡಿಮೆ ಬರಬಹುದು. ನೆಲದೊಳಗೆ ಕರಗಿದ ಕಾರ್ಬನ್ ಡೈ ಆಕ್ಸೈಡ್ ಇನ್ನೂ ಅದರಲ್ಲೇ ಇರುತ್ತದೆ, ಸೋಡಾ ಬಾಟಲಿಯ ಹಾಗೆ. ಅದೇ ನೀರನ್ನು ಬಾಯಗಲದ ಪಾತ್ರೆಯಲ್ಲಿ 24 ಗಂಟೆ ಬಿಟ್ಟು ನೋಡಿ. ನಮ್ಮ ಬೋರ್ ನೀರು ಹಿಡಿದಾಗ 7.2, ಮರುದಿನ 8.2. ಮೀನು ಬದುಕಬೇಕಾದದ್ದು ಮರುದಿನದ ನೀರಿನಲ್ಲಿ.

ಈಗ ಕೈಕೆಲಸ. ಪಟ್ಟಿ ಅದ್ದಿ ಬಣ್ಣ ನೋಡುವ ಸ್ಟ್ರಿಪ್‌ಗಳು ಸಲೀಸು, ಆದರೆ ನನಗೆ ನಂಬಿಕೆ ಕಡಿಮೆ. ಹೆಚ್ಚಿನವುಗಳಲ್ಲಿ ಅಮೋನಿಯಾವೇ ಇರುವುದಿಲ್ಲ. ಮೇಲಾಗಿ ನಮ್ಮ ಮಳೆಗಾಲದ ಥಂಡಿಗೆ ಡಬ್ಬಿ ಎರಡು ಸಲ ತೆರೆದರೆ ಪಟ್ಟಿಗಳು ತಾವೇ ಬಣ್ಣ ಬದಲಿಸಿಕೊಂಡು ಕೂರುತ್ತವೆ. ಹಪ್ಪಳವೇ ಗರಿಗರಿ ಉಳಿಯದ ಊರಿನಲ್ಲಿ ಇವು ಉಳಿಯುತ್ತವಾ? ಹನಿ ಹಾಕುವ ಕಿಟ್ ದುಬಾರಿ ಅನ್ನಿಸಿದರೂ ನೂರಾರು ಸಲ ಬರುತ್ತದೆ.

ನನ್ನ ಬಳಿ ಇರುವುದು ಎಪಿಐ ಕಂಪನಿಯ ಕಿಟ್. ಬೇರೆಯದಾದರೆ ಹನಿಗಳ ಲೆಕ್ಕ ಬೇರೆ ಇರಬಹುದು, ಚೀಟಿ ನೋಡಿಕೊಳ್ಳಿ. ಟ್ಯೂಬನ್ನು ಮೊದಲು ಅದೇ ಟ್ಯಾಂಕಿನ ನೀರಿನಲ್ಲಿ ಎರಡು ಸಲ ಗಲಬರಿಸಿ. 5 ಮಿ.ಲೀ. ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ನೀರಿನ ಮೇಲ್ಮೈ ನಡುವೆ ಸ್ವಲ್ಪ ತಗ್ಗಿರುತ್ತದೆ, ಆ ತಗ್ಗು ಗೆರೆಗೆ ತಾಕಬೇಕು. ಬಾಟಲಿಯನ್ನು ನೇರ ತಲೆಕೆಳಗೆ ಹಿಡಿಯಿರಿ. ಓರೆ ಹಿಡಿದರೆ ಹನಿ ಸಣ್ಣದಾಗುತ್ತದೆ, ಲೆಕ್ಕ ತಪ್ಪುತ್ತದೆ. ಅಮೋನಿಯಾಗೆ ಮೊದಲ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ, ಮುಚ್ಚಳ ಹಾಕಿ ಅಲ್ಲಾಡಿಸಿ, 5 ನಿಮಿಷ ಕಾಯಿರಿ. ಹಳದಿಯೇ ಉಳಿದರೆ ಸೊನ್ನೆ, ಹಸಿರಾದಷ್ಟೂ ಹೆಚ್ಚು. ಅಲ್ಲಾಡಿಸುವಾಗ ಬೆರಳು ಒತ್ತಿ ಹಿಡಿಯುವ ಅಭ್ಯಾಸ ಬೇಡ. ಬೆರಳಿನ ಬೆವರೂ ಅಂಕಿ ಕೆಡಿಸುತ್ತದೆ, ಆ ದ್ರವವೂ ಚರ್ಮಕ್ಕೆ ಒಳ್ಳೆಯದಲ್ಲ. ಕಿಟ್ಟಿನಲ್ಲಿ ಆಮ್ಲವೂ ಇದೆ, ಕ್ಷಾರವೂ ಇದೆ. ಮಕ್ಕಳ ಕೈಗೆ ಸಿಗಬಾರದು, ಪರೀಕ್ಷೆ ಮುಗಿದ ನೀರು ಟ್ಯಾಂಕಿಗೆ ವಾಪಸ್ ಹೋಗಬಾರದು.

ಬಣ್ಣ ನೋಡುವುದು ಹಗಲು ಬೆಳಕಿನಲ್ಲಿ. ಹಳದಿ ಬಲ್ಬಿನಡಿ ಹಳದಿ ಹಸಿರು ಎರಡೂ ಒಂದೇ. ನಾನು ಹಿತ್ತಲ ಬಾಗಿಲಲ್ಲಿ ನಿಂತು, ಟ್ಯೂಬನ್ನು ಕಾರ್ಡಿನ ಬಿಳಿ ಜಾಗಕ್ಕೆ ಒತ್ತಿ ನೋಡುತ್ತೇನೆ. ಅಮ್ಮ ಒಂದು ಸಲ ಬಂದು ನೋಡಿ, "ಮೀನಿಗೂ ಶುಗರ್ ಟೆಸ್ಟಾ?" ಅಂದರು.

ಜನ ತಪ್ಪುವುದು ಹೆಚ್ಚಾಗಿ ನೈಟ್ರೇಟಿನಲ್ಲಿ. ಇದರ ಎರಡನೇ ಬಾಟಲಿಯಲ್ಲಿ ಪುಡಿ ತಳ ಹಿಡಿದು ಗಟ್ಟಿಯಾಗಿ ಕೂತಿರುತ್ತದೆ. ಆ ಪುಡಿಯೇ ನೈಟ್ರೇಟನ್ನು ಮತ್ತೆ ನೈಟ್ರೈಟಿಗೆ ತಿರುಗಿಸುವುದು. ಆಮೇಲೆ ನಡೆಯುವುದು ಗ್ರೀಸ್ ಮಹಾಶಯರ ಹಳೆ ಬಣ್ಣದಾಟವೇ. ಪುಡಿ ಕದಡದಿದ್ದರೆ ಟ್ಯಾಂಕಿನಲ್ಲಿ ಎಷ್ಟೇ ಇದ್ದರೂ ಕಿಟ್ಟು "ಇಲ್ಲ" ಅನ್ನುತ್ತದೆ. ಹಾಗಾಗಿ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕಿ. ಹಳೆಯದಾದರೆ ಮೇಜಿಗೆ ಮೆಲ್ಲಗೆ ಬಡಿಯಿರಿ. ಹನಿ ಹಾಕಿದ ಮೇಲೆ ಟ್ಯೂಬನ್ನು ಇನ್ನೊಂದು ನಿಮಿಷ ಕುಲುಕಿ. ನೈಟ್ರೇಟ್ ಸೊನ್ನೆ ಅಂತ ಖುಷಿಪಡುವವರಲ್ಲಿ ಅರ್ಧ ಜನ ಕುಲುಕದವರು ಅಂತ ನನ್ನ ಅನುಮಾನ. ಇನ್ನೊಂದು ಮಾತು: ಕೆಲವು ಕಿಟ್ ನೈಟ್ರೇಟನ್ನು ಪೂರ್ತಿ ತೂಕದಲ್ಲಿ ಹೇಳುತ್ತವೆ, ಕೆಲವು ಅದರೊಳಗಿನ ನೈಟ್ರೋಜನ್ ಮಾತ್ರ ಹೇಳುತ್ತವೆ. ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು. ಬೋರ್ ನೀರಿನಲ್ಲೇ ನೈಟ್ರೇಟ್ ಇರುವುದೂ ಉಂಟು, ಹೊಲದ ಗೊಬ್ಬರ ಅಥವಾ ಚರಂಡಿ ಹತ್ತಿರವಿದ್ದರೆ ಅದೂ ಸಾಮಾನ್ಯ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲೇ 45 ಮಿಲಿಗ್ರಾಂವರೆಗೆ ಬಿಟ್ಟಿದ್ದಾರೆ. ಅಂಥ ನೀರಾದರೆ ಎಷ್ಟು ಸಲ ಬದಲಿಸಿದರೂ ಟ್ಯಾಂಕಿನ ಅಂಕಿ ಇಳಿಯುವುದಿಲ್ಲ.

ಪಿಎಚ್ ಬಾಟಲಿಗೂ ಒಂದು ಮಿತಿ ಇದೆ. ಅದರ ಕೊನೆಯ ಬಣ್ಣ 6, ಹಳದಿ. ನೀರು 5.5 ಇದ್ದರೂ ಅದೇ ಹಳದಿ. ಹಾಗಾಗಿ ನನ್ನ ಬಕೆಟ್ಟಿನ ನೀರು ನಿಜಕ್ಕೂ 6 ಇತ್ತೋ, ಇನ್ನೂ ಕೆಳಗಿತ್ತೋ ಹೇಳಲಾರೆ. ಕೊನೆಯ ಬಣ್ಣ ಬಂದರೆ "6" ಅಂತ ಬರೆಯಬೇಡಿ, "6 ಅಥವಾ ಕಡಿಮೆ" ಅಂತ ಬರೆಯಿರಿ. ಗಿಡ ಜಾಸ್ತಿ ಇರುವ ಟ್ಯಾಂಕಿನಲ್ಲಿ ಬೆಳಿಗ್ಗೆ ಒಂದು ಪಿಎಚ್, ಸಂಜೆ ಇನ್ನೊಂದು. ಯಾವಾಗಲೂ ಒಂದೇ ಹೊತ್ತಿಗೆ, ನೀರು ಬದಲಿಸುವ ಮೊದಲು ನೋಡಿ.

ಟಿಡಿಎಸ್ ಪೆನ್ ಬಗ್ಗೆ ಒಂದೇ ಮಾತು. ಫಿಲ್ಟರ್ ಮಾರುವವರು ಅದ್ದಿ ತೋರಿಸಿ ಹೆದರಿಸುತ್ತಾರಲ್ಲ, ಅದು. ನೀರಿನಲ್ಲಿ ಕರಗಿದ ಉಪ್ಪುಗಳು ಒಟ್ಟಾರೆ ಎಷ್ಟು ಎಂದಷ್ಟೇ ಅದಕ್ಕೆ ಗೊತ್ತು, ಅದರಲ್ಲಿ ಅಮೋನಿಯಾ ಎಷ್ಟು ಎಂದು ಗೊತ್ತಿಲ್ಲ. ಅದನ್ನು ನಂಬಿ ಆರ್‌ಒ ನೀರು ಮಾತ್ರ ತುಂಬುವವರು ನನ್ನ ಮಳೆ ನೀರಿನ ಕಥೆಯನ್ನೇ ದುಡ್ಡು ಕೊಟ್ಟು ಮಾಡುತ್ತಿದ್ದಾರೆ. ಆರ್‌ಒ ನೀರಿನಲ್ಲೂ ಕೆಎಚ್ ಇಲ್ಲದ ಹಾಗೇ. ಕೆಎಚ್ ಜೊತೆ ಕೇಳಿಬರುವ ಇನ್ನೊಂದು ಅಂಕಿ ಜಿಎಚ್. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ, ಹಂಡೆಯ ಪೊರೆಯ ಸರಕು. ಗಪ್ಪಿ, ಮಾಲಿಗಳಿಗೆ ಹೆಚ್ಚಿದ್ದರೆ ಒಳ್ಳೇದು, ಟೆಟ್ರಾಗಳಿಗೆ ಕಡಿಮೆ ಸಾಕು. ವರ್ಷಕ್ಕೆರಡು ಸಲ ನೋಡಿದರೆ ನಡೆಯುತ್ತದೆ.

ನಲ್ಲಿ ನೀರು ಹಾಕುವವರಿಗೆ ಕ್ಲೋರಿನ್ ಮರೆಯುವಂತಿಲ್ಲ. ಕುಡಿಯುವ ನೀರಿನಲ್ಲಿ ಅದು ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅನ್ನುತ್ತದೆ ಮಾನದಂಡ. ನಮಗೆ ಇರಲೇಬೇಕಾದಷ್ಟು ಮೀನಿಗೆ ಹೆಚ್ಚು. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಕೊಡುವ, ಕಲ್ಲುಸಕ್ಕರೆಯಂಥ ಹರಳು ಸೋಡಿಯಂ ಥಯೋಸಲ್ಫೇಟ್. ಒಂದೆರಡು ಹರಳು ಬಕೆಟ್ಟಿನಲ್ಲಿ ಕರಗಿಸಿದರೆ ಕ್ಲೋರಿನ್ ಕೂಡಲೇ ಹೋಗುತ್ತದೆ. ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೂ ಹೋಗುತ್ತದೆ.

ನನ್ನ ಹಾಗೆ ಹುಳಿಯಾದ ಹಳೆ ಟ್ಯಾಂಕ್ ನಿಮ್ಮ ಮನೆಯಲ್ಲೂ ಇದ್ದರೆ? ಅಡುಗೆ ಸೋಡಾ ಹಾಕಿ ಕೆಎಚ್ ಏರಿಸಬಹುದು. 60 ಲೀಟರಿಗೆ 1.8 ಗ್ರಾಂ ಹಾಕಿದರೆ ಒಂದು ಡಿಗ್ರಿ. ಆದರೆ ಅಮೋನಿಯಾ ನೋಡದೆ ಸೋಡಾಕ್ಕೆ ಕೈ ಹಾಕಬೇಡಿ. ಅಮೋನಿಯಾ ಸೇರಿಕೊಂಡಿರುವಾಗ ಪಿಎಚ್ ಏರಿಸಿದರೆ, ನಾನು ಬೋರ್ ನೀರಿನಿಂದ ಮಾಡಿದ್ದನ್ನು ನೀವು ಚಮಚದಿಂದ ಮಾಡಿದ ಹಾಗೆ. ಮೊದಲು ದಿನಾ ಹತ್ತನೇ ಒಂದು ಭಾಗದಷ್ಟು ನೀರು ಮಾತ್ರ ಬದಲಿಸಿ, ಟ್ಯಾಂಕಿನ ಪಿಎಚ್‌ಗೆ ಹತ್ತಿರವಿರುವ ನೀರಿನಿಂದಲೇ. ಕಾಳು ಕಡಿಮೆ ಮಾಡಿ. ಅಮೋನಿಯಾ 1ರ ಕೆಳಗೆ ಬಂದ ಮೇಲೆ ಕೆಎಚ್ ಕಡೆ ಹೋಗಿ, ಅದೂ ದಿನಕ್ಕೆ ಅರ್ಧ ಡಿಗ್ರಿಯಂತೆ. ಉಳಿದ ಮೂರು ಟೆಟ್ರಾಗಳಿಗೆ ನಾನು ಆಮೇಲೆ ಇದನ್ನೇ ಮಾಡಬೇಕಿತ್ತು ಅಂತ ಗೊತ್ತಾದದ್ದು ತಡವಾಗಿ. ಅವು ಹೇಗೋ ಉಳಿದವು.

ಈಗ ಟ್ಯಾಂಕಿನ ಪಕ್ಕ ಹಾಲಿನ ಲೆಕ್ಕದ ಪುಸ್ತಕದಂಥ ಒಂದು ಪುಸ್ತಕ ತೂಗುಹಾಕಿದ್ದೇನೆ. ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ಪಿಎಚ್, ಕೆಎಚ್, ಅಮೋನಿಯಾ. ತಿಂಗಳಿಗೊಮ್ಮೆ ನೈಟ್ರೇಟ್. ಮಳೆ ನೀರು ಹಿಡಿಯುವುದನ್ನು ಬಿಟ್ಟಿಲ್ಲ, ಟೆಟ್ರಾಗಳಿಗೆ ಅದು ಇಷ್ಟವೇ. ಆದರೆ ಮೂರು ಪಾಲು ಮಳೆ ನೀರಿಗೆ ಒಂದು ಪಾಲು ಬೋರ್ ನೀರು ಬೆರೆಸುತ್ತೇನೆ. ಕೆಎಚ್ ಮೂರರ ಆಸುಪಾಸು ನಿಲ್ಲುತ್ತದೆ. ಹೋದ ಜುಲೈನಲ್ಲಿ ಎರಡು ವಾರ ಬಿಡದೆ ಸುರಿದಾಗ, ಡ್ರಮ್ ತುಂಬಿದೆ ಅಂತ ಆಸೆಗೆ ಬರೀ ಮಳೆ ನೀರು ಹಾಕಿದೆ. ಭಾನುವಾರ ಎಣಿಸಿದರೆ ಎರಡನೇ ಹನಿಗೇ ಹಳದಿ. ಅಮೋನಿಯಾ ನೋಡಿದೆ, ಸೊನ್ನೆ. ಅಡುಗೆಮನೆಗೆ ಹೋಗಿ ಸೋಡಾ ಡಬ್ಬಿ ಎತ್ತಿಕೊಂಡೆ.

"ಇಡ್ಲಿ ಹಿಟ್ಟಿಗೆ ಇಟ್ಟಿದ್ದು ಅದು" ಅಂದರು ಅಮ್ಮ.

"ಒಂದು ಚಿಟಿಕೆ ಅಮ್ಮ, ಮೀನಿಗೆ."

"ಹ್ಞೂಂ. ಮಾಲಿಗಳು ಮತ್ತೆ ಮೈ ಅಲ್ಲಾಡಿಸ್ತಿದ್ವು, ನಿನ್ನೆನೇ ನೋಡಿದೆ" ಅಂದು ಅವರು ಡಬ್ಬಿಯ ಮುಚ್ಚಳ ತೆಗೆದುಕೊಟ್ಟರು.